ಡೀಸೆಲ್ ಕಾರಿನ ಕೂಲಂಟ್‌ನಲ್ಲಿ ಆಯಿಲ್: ಹೆಡ್ ಇಳಿಸುವ ಮುಂಚೆ ಏನೇನು ನೋಡಬೇಕು?

ಹಳೇಗಾಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ.

ಗಾಡಿ 4 ಸಿಲಿಂಡರ್ ಕಾಮನ್ ರೈಲ್ ಡೀಸೆಲ್. ಟರ್ಬೊ ಇದೆ, ಗೇರ್ ಮ್ಯಾನ್ಯುಯಲ್. ಓಡಿರುವುದು 1,38,000 ಕಿ.ಮೀ. ಮೊನ್ನೆ ವೈಪರ್ ನೀರು ತುಂಬೋಣ ಅಂತ ಬಾನೆಟ್ ಎತ್ತಿದೆ. ಪಕ್ಕದ ಕೂಲಂಟ್ ಬಾಟಲಿ ನೋಡಿ ಕೈ ಅಲ್ಲೇ ನಿಂತಿತು. ಹಸಿರು ಕಾಣಬೇಕಾದ ಕಡೆ ಕೊಳಕು ಕಂದು ಬಣ್ಣ. ಮುಚ್ಚಳ ತೆಗೆದರೆ ಒಳಮೈಗೆಲ್ಲ ಗ್ರೀಸ್‌ನಂಥ ಲೋಳೆ ಮೆತ್ತಿಕೊಂಡಿದೆ. ಕಡ್ಡಿ ಅದ್ದಿ ಎತ್ತಿದರೆ ದಾರದ ಹಾಗೆ ಇಳಿಯುತ್ತದೆ.

ಗ್ಯಾರೇಜಿಗೆ ಫೋಟೊ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು, ಗಾಡಿ ತಂದು ಬಿಡಿ." (ಹೆಡ್ ಅಂದರೆ ಎಂಜಿನ್‌ನ ಮೇಲ್ಭಾಗ; ಅದಕ್ಕೂ ಕೆಳಗಿನ ಬ್ಲಾಕ್‌ಗೂ ನಡುವೆ ಕೂರುವ ಸೀಲೇ ಹೆಡ್ ಗ್ಯಾಸ್ಕೆಟ್.) ಫೋಟೊ ನೋಡಿಯೇ ಇಷ್ಟು ಗ್ಯಾರಂಟಿಯಾಗಿ ಹೇಳಬಹುದಾ? ಗಾಡಿ ಬಿಸಿಯಾಗಿಲ್ಲ. ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೆ ಹೋಗಿಲ್ಲ. ಪಿಕಪ್ ಕಮ್ಮಿಯಾಗಿಲ್ಲ, ಹೊಗೆಯೂ ಇಲ್ಲ. ಸುಮ್ನೆ ಹೆಡ್ ಬಿಚ್ಚಿಸುವ ಮುಂಚೆ ನಾನು ಏನು ನೋಡಬೇಕು ಹೇಳಿ.

ಹದಿಮೂರರ ಸ್ಪ್ಯಾನರ್

ಮೊದಲು ಒಂದು ಮಾತು. ಗಾಡಿ ಸ್ಟಾರ್ಟ್ ಮಾಡಬೇಡಿ. ಓಡಿಸಿದಷ್ಟೂ ಆ ಲೋಳೆ ರೇಡಿಯೇಟರ್‌ನ ಸಣ್ಣ ಕೊಳವೆಗಳಿಗೂ, ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ಗೂ ಹೋಗಿ ಕೂರುತ್ತದೆ. ಆಮೇಲೆ ತೊಳೆದು ತೊಳೆದು ಕೈ ಸೋಲುತ್ತದೆ. ಇನ್ನೊಂದು ಭಯವೂ ಇದೆ. ಕೂಲಂಟ್ ತಿರುಗಿ ಎಂಜಿನ್ ಆಯಿಲ್‌ಗೆ ಸೇರಿದರೆ ಬೇರಿಂಗ್‌ಗಳಿಗೆ ಉಳಿಗಾಲವಿಲ್ಲ.

ಈಗ ಕೆಲವು ಪ್ರಶ್ನೆ. ಡಿಪ್‌ಸ್ಟಿಕ್ ಎಳೆದು ನೋಡಿದ್ರಾ? ಆಯಿಲ್ ಕಪ್ಪಗೇ ಇದೆಯಾ, ಬಿಳಿಚಿದೆಯಾ? ಮಟ್ಟ ಏರಿದೆಯಾ, ಇಳಿದಿದೆಯಾ? ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮೇಲಿನ ಹೋಸ್ ಅದುಮಿದರೆ ಮೆತ್ತಗಿದೆಯಾ, ಇಲ್ಲ ರಾತ್ರಿಯ ಒತ್ತಡ ಹಾಗೇ ಉಳಿದು ಗಟ್ಟಿಯಾಗಿದೆಯಾ? ಈಚೆಗೆ ಯಾರಾದರೂ ಕೂಲಂಟ್ ಟಾಪ್ ಅಪ್ ಮಾಡಿದರಾ? ಇದನ್ನು ಯಾಕೆ ಕೇಳುತ್ತೇನೆ ಅಂದರೆ, ಒಂದಕ್ಕೊಂದು ಹೊಂದದ ಎರಡು ಜಾತಿಯ ಕೂಲಂಟ್ ಬೆರೆತರೂ ಲೋಳೆ ಕಟ್ಟಬಹುದು. ಸೋರಿಕೆ ನಿಲ್ಲಿಸುವ ಪುಡಿ ಹಾಕಿದರೂ ಕಂದು ಕೆಸರು ಆಗುತ್ತದೆ. ಒಂದು ಗಾಡಿಯಲ್ಲಂತೂ ಅವಸರದಲ್ಲಿ ಆಯಿಲನ್ನೇ ಕೂಲಂಟ್ ಬಾಟಲಿಗೆ ಸುರಿದಿದ್ದರು. ನಗಬೇಡಿ, ಕಣ್ಣಾರೆ ಕಂಡಿದ್ದೇನೆ.

ರಾತ್ರಿಪಯಣ

ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ಹೆಡ್ ಗ್ಯಾಸ್ಕೆಟ್ಟೇ. ನನ್ನ ಗಾಡಿಗೂ ಹೀಗೇ ಆಗಿತ್ತು. ದಾರಿಯಲ್ಲಿ ಫ್ಯಾನ್ ಕೆಟ್ಟು ಮುಳ್ಳು ಕೆಂಪಿಗೆ ಹೋಯ್ತು. ಆಮೇಲೆ ಬಾಟಲಿಯಲ್ಲಿ ಕೊತಕೊತ ಗುಳ್ಳೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಹೆಡ್ ಇಳಿಸಿ, ಫೇಸಿಂಗ್ (ತಳ ಉಜ್ಜಿ ಮಟ್ಟಸ) ಮಾಡಿಸಿ, ಗ್ಯಾಸ್ಕೆಟ್ ಹಾಕಿದ ಮೇಲೆ ಸರಿಯಾಯ್ತು. ತಡ ಮಾಡಿದಷ್ಟೂ ಖರ್ಚು ಜಾಸ್ತಿ.

ಹದಿಮೂರರ ಸ್ಪ್ಯಾನರ್

@ರಾತ್ರಿಪಯಣ ನಿಮ್ಮ ಗಾಡಿಯ ಕಥೆಯಲ್ಲೇ ಉತ್ತರ ಇದೆ ಸಾರ್. ಮೊದಲು ಬಿಸಿಯಾಯ್ತು, ಆಮೇಲೆ ಗುಳ್ಳೆ, ಬಿಳಿ ಹೊಗೆ. ಇವರ ಗಾಡಿಯಲ್ಲಿ ಆ ಮೂರೂ ಇಲ್ಲ. ಇರುವುದು ಆಯಿಲ್ ಒಂದೇ.

ಆಯಿಲ್ ಕೂಲಂಟ್‌ಗೆ ಬರಬೇಕಾದರೆ ಎರಡೂ ಅಕ್ಕಪಕ್ಕ ಹರಿಯುವ ಜಾಗ ಬೇಕು, ನಡುವಿನ ಗೋಡೆ ಸೀಳಬೇಕು. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕೂಲರ್ ಅಂತ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಹೆಚ್ಚಾಗಿ ಆಯಿಲ್ ಫಿಲ್ಟರ್ ಕೂರುವ ಹೌಸಿಂಗ್ ಹತ್ತಿರವೇ. ಒಳಗೆ ತೆಳ್ಳನೆಯ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಬೆಸೆದಿರುತ್ತಾರೆ. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ಕೂಲಂಟ್. ಆ ತಗಡು ತೂತಾದರೆ, ಬೆಸುಗೆ ಬಿಟ್ಟರೆ, ಇಲ್ಲ ಹೌಸಿಂಗ್‌ನ ರಬ್ಬರ್ ಸೀಲ್ ಒಣಗಿ ಬಿರಿದರೆ ಇದೇ ಕಂದು ಲೋಳೆ.

ಇನ್ನು ಒತ್ತಡದ ಲೆಕ್ಕ. ಕೂಲಂಟ್ ಮುಚ್ಚಳ ಸಾಮಾನ್ಯವಾಗಿ 1ರಿಂದ 1.5 ಬಾರ್ ತನಕ ತಡೆಯುತ್ತದೆ. ಓಡುವಾಗ ಆಯಿಲ್ ಒತ್ತಡ 3ರಿಂದ 5 ಬಾರ್ ಇರುತ್ತದೆ. ಹಾಗಾಗಿ ಎಂಜಿನ್ ಓಡುವಾಗ ಆಯಿಲೇ ಕೂಲಂಟ್ ಕಡೆಗೆ ನುಗ್ಗುತ್ತದೆ. ಆಫ್ ಮಾಡಿದ ತಕ್ಷಣ ಆಯಿಲ್ ಒತ್ತಡ ಸೊನ್ನೆ. ಕೂಲಂಟ್ ಮಾತ್ರ ಬಿಸಿಯಾಗಿ, ಒತ್ತಡದಲ್ಲೇ ಇರುತ್ತದೆ. ಆಗ ತೂತು ದೊಡ್ಡದಿದ್ದರೆ ಹರಿವು ತಿರುಗುತ್ತದೆ. ಅದಕ್ಕೇ ಡಿಪ್‌ಸ್ಟಿಕ್ ದಿನಾ ನೋಡಿ ಅನ್ನುವುದು.

ಹೆಡ್ ಗ್ಯಾಸ್ಕೆಟ್ ಅಲ್ಲವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಬ್ಲಾಕ್‌ನಿಂದ ಹೆಡ್‌ಗೆ ಒತ್ತಡದ ಆಯಿಲ್ ಹತ್ತುವ ದಾರಿಯೂ ಆ ಗ್ಯಾಸ್ಕೆಟ್ ಮೂಲಕವೇ ಹೋಗುತ್ತದೆ. ಅದರ ಪಕ್ಕ ನೀರಿನ ತೂತು ಇದ್ದರೆ ಅಲ್ಲೂ ಸೀಳಬಹುದು. ಆದರೆ ಕೂಲರ್ ಬಿಚ್ಚಲು ಎಷ್ಟೋ ಎಂಜಿನ್‌ಗಳಲ್ಲಿ ಅರ್ಧ ದಿನ ಸಾಕು. ಹೆಡ್ ಬಿಚ್ಚಿದರೆ ಟೈಮಿಂಗ್ ಬೆಲ್ಟ್ ಇಲ್ಲ ಚೈನ್ ಬಿಚ್ಚಬೇಕು, ಇಂಜೆಕ್ಟರ್ ಪೈಪ್ ಬಿಚ್ಚಬೇಕು, ಬೋಲ್ಟ್ ಹೊಸದು ಹಾಕಬೇಕು. ಯಾವುದು ಮೊದಲು ನೋಡಬೇಕು ಅಂತ ನೀವೇ ಹೇಳಿ.

ಎಣ್ಣೆಗೈ

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ. ಅದಕ್ಕೂ ಮುಂಚೆ, ಬಾಟಲಿಯಲ್ಲಿರುವುದು ನಿಜವಾಗಿ ಆಯಿಲ್ಲಾ ಅಂತ ಖಾತ್ರಿ ಮಾಡಿಕೊಳ್ಳಿ. ಡೀಸೆಲ್ ಗಾಡಿಯಲ್ಲಿ ಮೋಸ ಮಾಡುವುದು ಇಜಿಆರ್ ಕೂಲರ್. ಅದು ಹೊಗೆಯನ್ನು ಕೂಲಂಟ್‌ನಿಂದ ತಣ್ಣಗೆ ಮಾಡುವ ಭಾಗ. ಅದು ಸೀಳಿದರೆ ಮಸಿ ಕೂಲಂಟ್‌ಗೆ ಬಂದು ಬಾಟಲಿಯ ಗೋಡೆಗೆ ಕಪ್ಪಗೆ ಅಂಟುತ್ತದೆ. ನೋಡಿದವರು ಆಯಿಲ್ ಅಂದುಕೊಳ್ಳುತ್ತಾರೆ.

ಬೆರಳಿಗೆ ಹಚ್ಚಿ ತಿಕ್ಕಿ ನೋಡಿ. ಮಸಿಯಾದರೆ ಬೆರಳು ಕಪ್ಪಾಗುತ್ತದೆ, ಜಾರುವುದಿಲ್ಲ. ಆಯಿಲ್ ಆದರೆ ಜಾರುತ್ತದೆ, ನೀರಲ್ಲಿ ತೊಳೆದರೂ ಜಿಡ್ಡು ಹೋಗುವುದಿಲ್ಲ. ವಾಸನೆಯನ್ನೂ ನೋಡಿ. ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೂರುವ ತೆಳು ಕೊಳವೆಯ ಸುತ್ತ ನೀರು ಓಡುತ್ತದೆ. ಅದು ಸೀಳಿದರೆ ಬರುವುದು ಡೀಸೆಲ್. ತೆಳ್ಳಗೆ ತೇಲುತ್ತದೆ, ಬಂಕ್ ವಾಸನೆ ಹೊಡೆಯುತ್ತದೆ.

ಇನ್ನೊಂದು ವಿಷಯ. ಆಯಿಲ್ ತುಂಬುವ ಮುಚ್ಚಳದ ಕೆಳಗೆ ಸ್ವಲ್ಪ ಬಿಳಿ ಕೆನೆ ಕಂಡರೆ ಅಷ್ಟಕ್ಕೇ ಹೆದರಬೇಡಿ. ಬರೀ ಸಣ್ಣ ದೂರ ಓಡಿಸುವ ಗಾಡಿಯಲ್ಲಿ ಆವಿ ತಣಿದು ಹಾಗಾಗುತ್ತದೆ.

ಹಳೇಗಾಡಿ

ಎಲ್ಲ ನೋಡಿದೆ. ಒಂದೊಂದಾಗಿ ಹೇಳುತ್ತೇನೆ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಪ್ಪಗೇ ಇದೆ, ಬಿಳಿಚಿಲ್ಲ. ಮಟ್ಟ ಮೇಲಿನ ಗೆರೆಯಿಂದ ಕಾಲು ಭಾಗ ಕೆಳಗಿದೆ. ಹಿಂದಿನ ತಿಂಗಳು ಮೇಲಿನ ಗೆರೆಯಲ್ಲೇ ಇತ್ತು. ಬೆಳಿಗ್ಗೆ ಹೋಸ್ ಮೆತ್ತಗಿತ್ತು, ಒತ್ತಡ ಉಳಿದಿರಲಿಲ್ಲ. ಕೂಲಂಟ್ ಟಾಪ್ ಅಪ್ ಯಾರೂ ಮಾಡಿಲ್ಲ.

ಆಮೇಲೆ ಬಾಟಲಿಯಿಂದ ಎರಡು ಚಮಚ ಲೋಳೆ ತೆಗೆದು ಗಾಜಿನ ಸೀಸೆಗೆ ಹಾಕಿದೆ. ಬಿಸಿನೀರು ಸುರಿದು ಅಲ್ಲಾಡಿಸಿ ಕಿಟಕಿಯಲ್ಲಿಟ್ಟೆ. ಮೊದಲು ಎಲ್ಲವೂ ಒಂದೇ ಕಂದು ನೀರು. ಒಂದು ಗಂಟೆ ಬಿಟ್ಟು ಬಂದರೆ ಮೇಲೆ ಬೆರಳಗಲದ ಕಪ್ಪು ಪದರ, ನಡುವೆ ಕೊಳಕು ಕೆನೆ, ತಳದಲ್ಲಿ ತಿಳಿ ಹಸಿರು. ಮೇಲಿನ ಪದರದ ಒಂದು ಹನಿಯನ್ನು ಒತ್ತು ಕಾಗದದ ಮೇಲೆ ಬಿಟ್ಟೆ. ಸುತ್ತ ಹರಡಿದ ನೀರು ಒಣಗಿತು. ನಡುವಿನ ಕಲೆ ಮಾತ್ರ ಒಣಗಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದರೆ ಆ ಜಾಗ ಗಾಜಿನ ಹಾಗೆ ಹೊಳೆಯುತ್ತದೆ. ಬೆರಳೂ ಜಾರಿತು. ಆಯಿಲೇ ಅಲ್ವಾ?

ಹನಿಲೆಕ್ಕ

ಆಯಿಲೇ. ಡೀಸೆಲ್ ಎಂಜಿನ್‌ನ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಮಸಿ ಸೇರಿ ಕಪ್ಪಾಗುತ್ತದೆ. ಅದು ಕೂಲಂಟ್ ಜೊತೆ ಕಡೆದುಕೊಂಡಾಗ ಈ ಬೂದುಗಂದು ಬಣ್ಣ ಬರುತ್ತದೆ.

ನನ್ನ ಕೆಲಸ ಲ್ಯಾಬ್‌ನಲ್ಲಿ. ಎಂಜಿನ್ ಆಯಿಲ್ ಕಣ್ಣಿಗೆ ಚೆನ್ನಾಗಿ ಕಂಡರೂ ಒಂದು ಸಣ್ಣ ಸೀಸೆ ಪರೀಕ್ಷೆಗೆ ಕೊಡಿ. ಕೂಲಂಟ್‌ನ ರಾಸಾಯನಿಕಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಇರುತ್ತವೆ. ನೀರು ಬಿಸಿಗೆ ಆವಿಯಾಗಿ ಹೋದರೂ ಅವು ಆಯಿಲ್‌ನಲ್ಲೇ ಉಳಿಯುತ್ತವೆ. ಬಿಳಿ ಕೆನೆ ಕಾಣುವ ಎಷ್ಟೋ ಮುಂಚೆ ರಿಪೋರ್ಟ್‌ನಲ್ಲಿ ಆ ಅಂಕಿ ಏರಿರುತ್ತದೆ.

ರಾತ್ರಿಪಯಣ

ಸರಿ, ಕೂಲರ್ ಅಂತಲೇ ಇಟ್ಟುಕೊಳ್ಳೋಣ. ಆದರೆ ನೀಲಿ ದ್ರವದ ಗ್ಯಾಸ್ ಟೆಸ್ಟ್ ಮಾಡಿಸಿಬಿಟ್ಟರೆ ಹೆಡ್ ವಿಷಯ ಅಲ್ಲೇ ಗೊತ್ತಾಗುತ್ತದಲ್ಲ?

ಹದಿಮೂರರ ಸ್ಪ್ಯಾನರ್

ಅರ್ಧ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೆ: ಕೂಲಂಟ್ ಬಾಟಲಿಯ ಬಾಯಿಗೆ ನೀಲಿ ದ್ರವ ತುಂಬಿದ ಕೊಳವೆ ಇಟ್ಟು, ರಬ್ಬರ್ ಚೆಂಡು ಅದುಮಿ ಒಳಗಿನ ಗಾಳಿ ಎಳೆಯುತ್ತಾರೆ. ಸಿಲಿಂಡರ್‌ನ ಹೊಗೆ ಕೂಲಂಟ್‌ಗೆ ಬರುತ್ತಿದ್ದರೆ ಅದರ ಇಂಗಾಲದ ಡೈಆಕ್ಸೈಡ್ ತಗುಲಿ ದ್ರವ ಹಳದಿಗೆ ತಿರುಗುತ್ತದೆ.

ಡೀಸೆಲ್‌ನಲ್ಲಿ ಒಂದು ತೊಡಕು. ಐಡ್ಲಿಂಗ್‌ನಲ್ಲಿ ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಗಾಳಿ ಎಳೆಯುತ್ತದೆ. ಹೊಗೆಯಲ್ಲಿ ಆ ಅನಿಲ ಶೇ 2-3 ಇದ್ದರೆ ಹೆಚ್ಚು. ಪೆಟ್ರೋಲ್‌ನಲ್ಲಿ ಅದು ಶೇ 13ರ ಮೇಲೆ. ಹಾಗಾಗಿ ಸುಮ್ಮನೆ ಐಡ್ಲಿಂಗ್‌ನಲ್ಲಿ 2 ನಿಮಿಷ ಹಿಡಿದು "ನೀಲಿಯೇ ಇದೆ, ಗ್ಯಾಸ್ಕೆಟ್ ಗಟ್ಟಿ" ಅನ್ನಬಾರದು. ಎಂಜಿನ್ ಪೂರ್ತಿ ಬಿಸಿಯಾಗಬೇಕು, ಆಗಾಗ ರೇಸ್ ಮಾಡಬೇಕು, ಹತ್ತು ಹದಿನೈದು ನಿಮಿಷ ಕಾಯಬೇಕು. ದ್ರವ ಹಸಿರಿಗೆ ತಿರುಗಿದರೂ ಅನುಮಾನ ಪಡಿ. ಲೋಳೆ ಕೊಳವೆಗೆ ಹತ್ತಿದರೆ ಪರೀಕ್ಷೆಯೇ ಹಾಳು. ಮೊದಲು ಬಾಟಲಿಯ ಕೆಸರು ಹೀರಿ ತೆಗೆದು, ಮಟ್ಟ ಇಳಿಸಿ, ಆಮೇಲೆ ಮಾಡಲಿ. ಇದೊಂದು ಸಲ ಎಂಜಿನ್ ಓಡಿದರೆ ಪರವಾಗಿಲ್ಲ.

ಇಷ್ಟಾದರೂ ಆಯಿಲ್ ದಾರಿಯ ಹತ್ತಿರ ಮಾತ್ರ ಗ್ಯಾಸ್ಕೆಟ್ ಸೀಳಿದ್ದರೆ ಈ ಟೆಸ್ಟ್‌ಗೆ ಸಿಗುವುದಿಲ್ಲ. ಅಲ್ಲಿ ಹೊಗೆಯೇ ಇಲ್ಲವಲ್ಲ.

ಜೊತೆಗೆ ಒತ್ತಡ ಪರೀಕ್ಷೆ ಮಾಡಿಸಿ. ಆಯಿಲ್ ಪೂರ್ತಿ ಇಳಿಸಿ, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬೋಲ್ಟ್ ಬಿಚ್ಚಿಟ್ಟು, ಕೂಲಂಟ್ ಬಾಟಲಿಗೆ ಕೈಪಂಪ್‌ನಿಂದ 1.2 ಬಾರ್ ಕೊಟ್ಟು ರಾತ್ರಿಯಿಡೀ ಬಿಡಿ. ಮುಚ್ಚಳದ ಮೇಲೆ ಬರೆದಿರುವ ಅಂಕಿಗಿಂತ ಜಾಸ್ತಿ ಕೊಡಬೇಡಿ. ಬೆಳಿಗ್ಗೆ ಸಂಪ್ ಬಾಯಿಯಲ್ಲಿ ಹಸಿರು ಹನಿ ನಿಂತಿದ್ದರೆ ಒಳಗೆ ದಾರಿ ಇದೆ ಅಂತ ಅರ್ಥ.

ಹಳೇಗಾಡಿ

ಗಾಡಿಯನ್ನು ಎಳೆಸಿಕೊಂಡು ಹೋಗಿ ಗ್ಯಾರೇಜಿನಲ್ಲಿ ಬಿಟ್ಟೆ. ಪಟ್ಟು ಹಿಡಿದು ಪರೀಕ್ಷೆ ಮಾಡಿಸಿದೆ. ಗ್ಯಾಸ್ ಟೆಸ್ಟ್ 15 ನಿಮಿಷ, ದ್ರವ ನೀಲಿಯೇ. ಒತ್ತಡ ರಾತ್ರಿಯಿಡೀ ನಿಂತಿತ್ತು, ಮುಳ್ಳು ಅಲ್ಲಾಡಿಲ್ಲ. ಸಂಪ್‌ನಲ್ಲಿ ಹನಿಯೂ ಇಲ್ಲ.

ಹಾಗಾಗಿ ಕೂಲರ್ ಬಿಚ್ಚಿಸಿದೆ. ಆಯಿಲ್ ಕಡೆಗೆ 3 ಬಾರ್ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿದರು. ಐದು ನಿಮಿಷ ಬಗ್ಗಿ ನೋಡಿದ್ದೇ ಬಂತು, ಒಂದು ಗುಳ್ಳೆ ಇಲ್ಲ. ಮೆಕ್ಯಾನಿಕ್ ನನ್ನ ಮುಖ ನೋಡಿ "ನಾನು ಮೊದಲೇ ಹೇಳಿರಲಿಲ್ವಾ ಸಾರ್" ಅಂದರು. ನಾಳೆ ಹೆಡ್ ಇಳಿಸುತ್ತಾರಂತೆ. ಏನು ಮಾಡಲಿ?

ಎಣ್ಣೆಗೈ

ನೀರು ಬಿಸಿ ಇತ್ತಾ, ತಣ್ಣಗಿತ್ತಾ?

ಹಳೇಗಾಡಿ

ನಲ್ಲಿ ನೀರು. ತಣ್ಣಗೇ ಇತ್ತು.

ಎಣ್ಣೆಗೈ

ಹಾಗಾದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಗಾಡಿಯಲ್ಲಿ ಕೂಲರ್ 90 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಬಿಸಿಗೆ ತಗಡು ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಕೂದಲೆಳೆಯ ಬಿರುಕುಗಳಿರುತ್ತವೆ. ತಣ್ಣಗಾದರೆ ಮುಚ್ಚಿಕೊಳ್ಳುತ್ತವೆ. ನಿಮ್ಮ ಒತ್ತಡ ಪರೀಕ್ಷೆ ರಾತ್ರಿಯಿಡೀ ನಿಂತದ್ದೂ ಅದಕ್ಕೇ ಇರಬಹುದು, ಅದೂ ತಣ್ಣನೆಯ ಎಂಜಿನ್ ಮೇಲೇ ಮಾಡಿದ್ದಲ್ವಾ?

70-80 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಲಿ, ಲೋಹ ಪೂರ್ತಿ ಬಿಸಿಯಾಗಲಿ. ಆಮೇಲೆ ನಿಧಾನವಾಗಿ ಗಾಳಿ ಕೊಡಲಿ. 4 ಬಾರ್ ದಾಟಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಮೊದಲು ಅಂಟಿಕೊಂಡ ಗಾಳಿಯ ಗುಳ್ಳೆಗಳೆಲ್ಲ ಹೊರಗೆ ಹೋಗುವ ತನಕ ಅಲ್ಲಾಡಿಸಿ, ಇಲ್ಲದಿದ್ದರೆ ಅವನ್ನೇ ಸೋರಿಕೆ ಅಂದುಕೊಳ್ಳುತ್ತೀರಿ.

ಹಳೇಗಾಡಿ

ಸಿಕ್ಕಿತು!

ಬಿಸಿನೀರಿನಲ್ಲಿ ಮೊದಲ ಎರಡು ನಿಮಿಷ ಏನೂ ಇಲ್ಲ. ಮೆಕ್ಯಾನಿಕ್ ಎದ್ದು ಹೋಗುವವರಿದ್ದರು. ಅಷ್ಟರಲ್ಲಿ ಕೂಲಂಟ್ ಬಾಯಿಯ ಮೂಲೆಯಿಂದ ಸಾಸಿವೆ ಗಾತ್ರದ ಒಂದು ಗುಳ್ಳೆ ಎದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಉಸಿರು ಬಿಟ್ಟ ಹಾಗೆ ಸಾಲಾಗಿ ಬರತೊಡಗಿದವು. ಪ್ರತಿ ಗುಳ್ಳೆ ಒಡೆದಾಗ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಸಣ್ಣ ಚುಕ್ಕೆ. ಅದೇ ಕೂಲರನ್ನು ಎತ್ತಿ ತಣ್ಣೀರಿಗೆ ಹಾಕಿದರೆ ಒಂದೆರಡು ನಿಮಿಷದಲ್ಲಿ ನಿಂತುಹೋಯ್ತು. ಮೂರು ಸಲ ಮಾಡಿ ನೋಡಿದೆವು. ಈಗ ಮೆಕ್ಯಾನಿಕ್ಕೇ ವಿಡಿಯೊ ಮಾಡಿಕೊಂಡಿದ್ದಾರೆ.

ಹೊಸ ಕೂಲರ್, ಹೌಸಿಂಗ್‌ನ ಸೀಲ್‌ಗಳು ತರಿಸಿದ್ದೇನೆ. ಈಗ ತೊಳೆಯುವುದು ಹೇಗೆ? ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಸಾಕು ಅನ್ನುತ್ತಾರೆ ಒಬ್ಬರು. ಡೀಸೆಲ್ ಹಾಕಿ ಓಡಿಸಿ ಅನ್ನುತ್ತಾರೆ ಇನ್ನೊಬ್ಬರು.

ಹದಿಮೂರರ ಸ್ಪ್ಯಾನರ್

ಡೀಸೆಲ್ ಮಾತ್ರ ಖಂಡಿತ ಬೇಡ. ಕೂಲಂಟ್ ಹೋಸ್‌ಗಳು ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರ್‌ನವು. ನೀರು, ಬಿಸಿ ಎರಡನ್ನೂ ತಡೆಯುತ್ತದೆ, ಎಣ್ಣೆ ಕಂಡರೆ ಆಗುವುದಿಲ್ಲ. ಕುಡಿದು ಊದಿಕೊಳ್ಳುತ್ತದೆ. ಈಗಾಗಲೇ ಆಯಿಲ್ ಕುಡಿದಿದೆ, ಮೇಲೆ ಡೀಸೆಲ್ ಬೇರೆ ಯಾಕೆ? ಬೆಂಕಿಯ ಅಪಾಯ ಇದ್ದೇ ಇದೆ.

ಪಾತ್ರೆ ಲಿಕ್ವಿಡ್ ಜಿಡ್ಡೇನೋ ಬಿಡಿಸುತ್ತದೆ, ಆದರೆ ನೊರೆ. ನೊರೆ ತುಂಬಿದರೆ ವಾಟರ್ ಪಂಪ್ ನೀರು ತಳ್ಳುವುದಿಲ್ಲ, ತೊಳೆಯಲು ಹೋಗಿ ಹೆಡ್ ಕಾಯಿಸಿಬಿಡುತ್ತೀರಿ. ಪಾತ್ರೆ ತೊಳೆಯುವ ಯಂತ್ರದ ಪುಡಿಯಲ್ಲಿ ನೊರೆ ಕಮ್ಮಿ, ಆದರೆ ಕ್ಷಾರ ಜಾಸ್ತಿ. ಅಲ್ಯೂಮಿನಿಯಂ ತಿನ್ನುತ್ತದೆ. ಕೂಲಂಟ್ ಸಿಸ್ಟಮ್‌ನಿಂದ ಆಯಿಲ್ ತೆಗೆಯಲೆಂದೇ ಕ್ಲೀನರ್ ಸಿಗುತ್ತದೆ, ಅದನ್ನೇ ತನ್ನಿ.

ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲು ಹೊಸ ಕೂಲರ್ ಕೂರಿಸಿ. ತೊಳೆದು ಆಮೇಲೆ ಕೂರಿಸಿದರೆ ತೊಳೆದದ್ದು ದಂಡ. ಬಾಟಲಿ ಬಿಚ್ಚಿ ಕೈಯಲ್ಲೇ ತೊಳೆಯಿರಿ, ಅಥವಾ ಹೊಸದು ಹಾಕಿ. ಥರ್ಮೋಸ್ಟಾಟ್ ತೆಗೆದಿಡಿ, ಇಲ್ಲದಿದ್ದರೆ ನೀರು ರೇಡಿಯೇಟರ್‌ಗೆ ಹೋಗಲು ಎಂಜಿನ್ ಬಿಸಿಯಾಗುವ ತನಕ ಕಾಯಬೇಕು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಬಿಸಿನೀರು, ಕ್ಲೀನರ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ. ಮುಳ್ಳಿನ ಮೇಲೆ ಕಣ್ಣಿರಲಿ. ಆಫ್ ಮಾಡಿ, ಕೈ ತಡೆಯುವಷ್ಟು ತಣಿದ ಮೇಲೆ, ಆದರೆ ಪೂರ್ತಿ ಆರುವ ಮುಂಚೆ ಇಳಿಸಿ. ಆರಿದರೆ ಜಿಡ್ಡು ಮತ್ತೆ ಗೋಡೆಗೆ ಅಂಟುತ್ತದೆ. ಬಿಸಿಯಿರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ, ಮುಖ ಸುಡುತ್ತದೆ. ಹೀಗೆ ನೀರು ತಿಳಿಯಾಗುವ ತನಕ. ಎರಡೇ ಸಲಕ್ಕೆ ಮುಗಿದದ್ದನ್ನು ನಾನು ಕಂಡಿಲ್ಲ.

ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ಸಲ. ಎಂಜಿನ್ ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿ. ಇಳಿಸಿದ ನೀರನ್ನು ಚರಂಡಿಗೆ ಬಿಡಬೇಡಿ. ಕೂಲಂಟ್‌ನ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕ್ಯಾನ್‌ಗೆ ತುಂಬಿ ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಬೇರೆಯಾಗಿಯೇ ಕೊಡಿ.

ಗೇರ್‌ನಾಲ್ಕು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಆಟೋಮ್ಯಾಟಿಕ್ ಡೀಸೆಲ್. ಬಾಟಲಿಯಲ್ಲಿ ಕಂದು ಅಲ್ಲ, ಗುಲಾಬಿ ಕೆನೆ. ಗೇರ್ ಬೀಳುವಾಗ ಸಣ್ಣಗೆ ಜರ್ಕ್ ಕೂಡ. ಇದೂ ಆಯಿಲ್ ಕೂಲರ್ರಾ?

ಎಣ್ಣೆಗೈ

ನಿಮ್ಮದು ಬೇರೆ ಕೂಲರ್. ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೊಳವೆ ರೇಡಿಯೇಟರ್ ಒಳಗೇ ಇರುತ್ತದೆ. ಆ ಆಯಿಲ್ ಹೆಚ್ಚಾಗಿ ಕೆಂಪು, ಅದಕ್ಕೇ ಗುಲಾಬಿ. ನಿಮ್ಮ ಅವಸರ ಇವರಿಗಿಂತ ದೊಡ್ಡದು. ನೀರು ಗೇರ್‌ಬಾಕ್ಸ್‌ಗೆ ಹೋದರೆ ಕ್ಲಚ್ ತಟ್ಟೆಗಳ ಮೇಲಿನ ಪದರ ಎದ್ದುಬರುತ್ತದೆ. ಜರ್ಕ್ ಶುರುವಾಗಿದೆ ಅಂದರೆ ಹೋಗಿರಬಹುದು. ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರುತ್ತೇನೆ.

ರಾತ್ರಿಪಯಣ

@ಹಳೇಗಾಡಿ ನಾನು ಸೋತೆ. ಆದರೂ ಒಂದು ಪ್ರಶ್ನೆ. ಕೂಲರ್ ತೂತು, ಸರಿ. ಅದರ ಜೊತೆ ಗ್ಯಾಸ್ಕೆಟ್ಟೂ ಹೋಗಿರಬಾರದು ಅಂತೇನಿಲ್ಲವಲ್ಲ?

ಹದಿಮೂರರ ಸ್ಪ್ಯಾನರ್

ಒಳ್ಳೆ ಪ್ರಶ್ನೆ. ಅದಕ್ಕೇ ತೊಳೆದ ತಕ್ಷಣ ಕೂಲಂಟ್ ತುಂಬಬಾರದು. ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಎರಡು ಮೂರು ದಿನ ಹತ್ತಿರದಲ್ಲೇ ಓಡಿಸಿ ನೋಡಬೇಕು. ತಿಳಿ ನೀರಿನಲ್ಲಿ ಹೊಸ ಆಯಿಲ್ ಹನಿ ಎದ್ದು ಕಾಣುತ್ತದೆ. ಹೊರಗೆ ಹೆಪ್ಪುಗಟ್ಟುವ ಚಳಿ ಇದ್ದರೆ ಹೀಗೆ ಮಾಡಬೇಡಿ, ನೀರು ಗಡ್ಡೆಯಾಗಿ ಬ್ಲಾಕ್ ಸೀಳುತ್ತದೆ.

ಮತ್ತೂ ಆಯಿಲ್ ಬಂದರೆ ಆಗ ಹೆಡ್. ಇಳಿಸುವ ಹಾಗಾದರೆ ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ತಗಡು) ಸಮತಟ್ಟು ನೋಡಿಸಿ. ಪಿಸ್ಟನ್ ಬ್ಲಾಕ್‌ನಿಂದ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್‌ನಲ್ಲಿ ಅಳೆಸಿ. ಆ ಅಳತೆಗೆ ತಕ್ಕಂತೆ ಡೀಸೆಲ್ ಗ್ಯಾಸ್ಕೆಟ್‌ಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ. ಎಷ್ಟೋ ಎಂಜಿನ್‌ಗಳಲ್ಲಿ ಅಂಚಿನ ತೂತು ಅಥವಾ ಕಚ್ಚು ಎಣಿಸಿ ಗುರುತಿಸುತ್ತಾರೆ. ಸಿಕ್ಕಿದ್ದು ಹಾಕಿದರೆ ನಡೆಯುವುದಿಲ್ಲ.

ಹಳೇಗಾಡಿ

ಮೂರು ವಾರ ಆಯ್ತು, ಈಗ ಬರೆಯುತ್ತಿದ್ದೇನೆ.

ಐದು ಸಲ ತೊಳೆದೆವು. ಮೊದಲ ಸಲ ಬಂದದ್ದನ್ನು ನೀರು ಅನ್ನುವ ಹಾಗಿರಲಿಲ್ಲ. ಮೂರನೇ ಸಲ ನೀರು ಬೂದು ಬಣ್ಣಕ್ಕೆ ಬಂತು, ಇನ್ನೇನು ಮುಗಿಯಿತು ಅಂದುಕೊಂಡೆ. ಹೀಟರ್‌ನ ಹೋಸ್ ಬಿಚ್ಚಿ ಬೇರೆಯಾಗಿ ನೀರು ಹಾಯಿಸಿದರೆ ಮತ್ತೆ ಒಂದು ಮುಷ್ಟಿ ಕಂದು ಕೆಸರು. ಐದನೆಯದರಲ್ಲಿ ತಿಳಿ. ಮೇಲಿನ ಹೋಸ್ ಬಿಚ್ಚಿದಾಗ ಕ್ಲಾಂಪ್ ಕೂರುವ ಜಾಗ ಊದಿ, ಅದುಮಿದರೆ ಹಳೇ ಸ್ಪಂಜಿನ ಹಾಗೆ ಬೆರಳು ಒಳಗೆ ಹೋಗುತ್ತಿತ್ತು. ಹೋಸ್ ಎಲ್ಲ ಬದಲಾಯಿಸಿದೆ. ಬಾಟಲಿ, ಮುಚ್ಚಳ, ಥರ್ಮೋಸ್ಟಾಟ್ ಕೂಡ ಹೊಸದು. ಇಳಿಸಿದ ಹಳೇ ಆಯಿಲ್ ಲ್ಯಾಬ್‌ಗೆ ಕೊಟ್ಟಿದ್ದೆ. ಸೋಡಿಯಂ, ಪೊಟ್ಯಾಸಿಯಂ ಏರಿಲ್ಲ ಅಂತ ಬಂದಿದೆ.

ಬರೀ ನೀರಿನಲ್ಲಿ ಮೂರು ದಿನ ಓಡಿಸಿದೆ. ಎರಡನೇ ದಿನ ಬಾಟಲಿಯ ಗೋಡೆಗೆ ಕೂದಲೆಳೆಯಷ್ಟು ಕಂದು ಉಂಗುರ ಕಂಡು ಎದೆ ಝಲ್ಲೆಂದಿತು. ಒರೆಸಿ, ಪಕ್ಕದಲ್ಲಿ ಪೆನ್ನಿನಿಂದ ಗೆರೆ ಎಳೆದು ತಾರೀಖು ಬರೆದೆ. ಮೂರನೇ ದಿನ ಬರಲಿಲ್ಲ. ಕೂಲಂಟ್ ತುಂಬಿ ಈಗ 900 ಕಿ.ಮೀ. ಆಗಿದೆ. ಬಾಟಲಿ ಹಸಿರಾಗಿದೆ, ಆಯಿಲ್ ಮೇಲಿನ ಗೆರೆಯಲ್ಲೇ ಇದೆ. ದಿನಾ ಬೆಳಿಗ್ಗೆ ಬಾನೆಟ್ ಎತ್ತುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಎಣ್ಣೆಗೈ

ಆ ಉಂಗುರ ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಹಳೇ ಜಿಡ್ಡು. ಇನ್ನೂ ಒಂದೆರಡು ಸಲ ಕಂಡರೂ ಗಾಬರಿ ಬೇಡ, ಒರೆಸಿ ತಾರೀಖು ಬರೆಯಿರಿ. ದಿನ ಕಳೆದಂತೆ ತೆಳ್ಳಗಾಗುತ್ತಾ ಹೋದರೆ ಹಳೇದು, ದಪ್ಪಗಾಗುತ್ತಾ ಹೋದರೆ ಇಲ್ಲಿಗೆ ಬಂದು ಬರೆಯಿರಿ. ಆ ಬಿಸಿನೀರಿನ ವಿಡಿಯೊ ಮೆಕ್ಯಾನಿಕ್ ಹತ್ತಿರ ಇಸಿದುಕೊಂಡು ಹಾಕ್ತೀರಾ?

ಹಳೇಗಾಡಿ

ಕೇಳಿದೆ ಅಣ್ಣ. ನಿನ್ನೆ ಇನ್ನೊಂದು ಗಾಡಿ ಇದೇ ತೊಂದರೆಗೆ ಬಂದಿತ್ತಂತೆ, ಅವರಿಗೆ ತೋರಿಸುತ್ತಿದ್ದರು. ಸಂಜೆ ಕಳಿಸುತ್ತಾರಂತೆ.